ತುಕ್ರಪ್ಪ ಹಾಕಿದ ಬಿಳಿ ಗೊಬ್ಬರ

ತುಳುವರ ಕಾರ್ತೆಲ್ ತಿಂಗಳು ಹುಟ್ಟಿ ಹತ್ತು ದಿನ ಆಗಿತ್ತು. ಬೆಳಗಿನ ಗಂಜಿ ಉಂಡು ಕೈ ತೊಳೆಯುವ ಹೊತ್ತು. ನಮ್ಮ ಜಿಲ್ಲೆ ಮದರಾಸನ್ನು ಬಿಟ್ಟು ಮೈಸೂರಿಗೆ ಸೇರಿತಲ್ಲ, ಅದರ ಮಾರನೆಯ ಮಳೆಗಾಲ. ನಾರಾವಿಯ ತುಕ್ರಪ್ಪ ತನ್ನ ಜಗಲಿಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದ. ಸುಮ್ಮನೆ ಕೂತದ್ದಲ್ಲ, ಕಾಯುತ್ತಾ ಕೂತದ್ದು.

ಇಪ್ಪತ್ತು ವರ್ಷದಿಂದ ಆ ಬೈಲಿನಲ್ಲಿ ಒಂದು ಕ್ರಮ ಇತ್ತು. ನೇಜಿ, ಅಂದರೆ ಭತ್ತದ ಸಸಿ, ನೆಡುವ ಮೊದಲು ಸುತ್ತಿನ ಹತ್ತು ಮನೆಯವರೂ ಬಂದು, "ಹೇಗೆ ತುಕ್ರಪ್ಪಣ್ಣ, ಗದ್ದೆಗೆ ಇಳಿಯಬಹುದಾ?" ಎಂದು ಕೇಳಬೇಕು. ಅವನು ಎದ್ದುಹೋಗಿ ಕೆಸರನ್ನು ಬೆರಳಲ್ಲಿ ತಿಕ್ಕಿ, ಮೂಗಿಗೆ ಹಿಡಿದು, ಪಡುವಣದ ಮೋಡ ನೋಡಿ, "ನಾಳೆ ಬೇಡ, ನಾಡಿದ್ದು ಇಳಿಯುವ" ಅಂದರೆ ನಾಡಿದ್ದೇ. ಮೊದಲ ಹಿಡಿ ನೇಜಿ ಅವನ ಗದ್ದೆಯಲ್ಲಿ ಊರಿದ ಮೇಲೆಯೇ ಉಳಿದವರದ್ದು. ಇದಕ್ಕಾಗಿ ಯಾರೂ ಅವನಿಗೆ ಒಂದು ಸೇರು ಅಕ್ಕಿ ಕೊಟ್ಟದ್ದಿಲ್ಲ. ಅವನಿಗೆ ಅದು ಬೇಕಾಗಿಯೂ ಇರಲಿಲ್ಲ. ಊರವರು ಬಂದು ಕೇಳುವ ಆ ಒಂದು ಮಾತು ಸಾಕಿತ್ತು, ಅದರಲ್ಲೇ ಅವನ ವರ್ಷ ಕಳೆಯುತ್ತಿತ್ತು.

ಆ ದಿನ ಯಾರೂ ಬರಲಿಲ್ಲ. ಕೆಳಗಿನ ಗದ್ದೆಯಿಂದ ಮಾತ್ರ ಹೆಂಗಸರ ನಗು ಕೇಳಿತು.

ತುಕ್ರಪ್ಪ ಹೋಗಿ ಗದ್ದೆಯ ಅಂಚಿನ ಹುಣಿಯ ಮೇಲೆ ನಿಂತ. ಅವನ ಗದ್ದೆ ಮೇಲಿನದು, ಅದಕ್ಕೆ ತಾಗಿ ಕೆಳಗಿನದು ಸಂಕಪ್ಪನದು. ಹದಿನೈದು ವರ್ಷ ಕಿರಿಯ ಸಂಕಪ್ಪ ನೇಗಿಲು ಹಿಡಿಯಲು ಕಲಿತದ್ದೇ ತುಕ್ರಪ್ಪನ ಎತ್ತುಗಳ ಹಿಂದೆ. ಅವನೀಗ ಗದ್ದೆಯ ಒಂದು ತಲೆಯಲ್ಲಿ ಹಗ್ಗದ ತುದಿ ಹಿಡಿದು ನಿಂತಿದ್ದ. ಇನ್ನೊಂದು ತುದಿ ಹಿಡಿದವರು ಹೊಸ ಗ್ರಾಮಸೇವಕರು, ಪಾಣೆಮಂಗಳೂರಿನ ಶೇಖರ. ಇಸ್ತ್ರಿಯ ಪ್ಯಾಂಟನ್ನು ಮೊಣಕಾಲಿನ ತನಕ ಮಡಚಿದ್ದರು. ಹಗ್ಗಕ್ಕೆ ಗೇಣಿಗೊಂದು ಗಂಟು. ಗಂಟು ಇದ್ದಲ್ಲಿ ನೇಜಿ ಊರಬೇಕು, ಇಲ್ಲದಲ್ಲಿ ಊರಬಾರದು. ಜಪಾನಿನ ಕ್ರಮವಂತೆ.

ನೇಜಿ ಹೆಂಗಸರಲ್ಲಿ ಮುಂದಾಳು ಸರಸ ತಲೆ ಎತ್ತಿ ಕೂಗಿದಳು. "ತುಕ್ರಪ್ಪಣ್ಣ, ನೋಡಿ, ನಮ್ಮನ್ನು ದನದ ಹಾಗೆ ಹಗ್ಗಕ್ಕೆ ಕಟ್ಟಿದ್ದಾರೆ!"

"ಬಾಯಿಗೂ ಒಂದು ಕಟ್ಟಲಿ" ಅಂದ ತುಕ್ರಪ್ಪ.

ಎಲ್ಲರೂ ನಕ್ಕರು. ಸಂಕಪ್ಪನೂ ನಕ್ಕ. "ನಿಮ್ಮನ್ನು ಕೇಳಲಿಕ್ಕೆ ಬರಬೇಕಿತ್ತು ತುಕ್ರಪ್ಪಣ್ಣ. ನೇಜಿಗೆ ಇಪ್ಪತ್ತೈದು ದಿನ ಆದರೆ ಮತ್ತೆ ತಡ ಮಾಡಬಾರದು ಎಂದು ಇವರು ಹೇಳಿದರು. ಹಾಗೆ ಇಳಿದುಬಿಟ್ಟೆವು."

ಆ ಮಾತು ತುಕ್ರಪ್ಪನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತು. ಮನೆಗೆ ಬಂದರೂ ಕಿತ್ತುಬರಲಿಲ್ಲ. ಮರುದಿನ ಉಳಿದ ಮನೆಯವರೆಲ್ಲ ಸಂಕಪ್ಪನ ಹಗ್ಗ ನೋಡಲಿಕ್ಕೆ ಹೋದರು. ಗೇಣು ಎಷ್ಟು, ಗಂಟು ಹೇಗೆ ಎಂದು ಅವನನ್ನು ಕೇಳಿದರು. ಅವನು ಹೇಳಿದ. ಹೇಳುವಾಗ ಅವನ ಧ್ವನಿ ತನ್ನದೇ ಧ್ವನಿಯ ಹಾಗೆ ತುಕ್ರಪ್ಪನಿಗೆ ಕೇಳಿತು. ಅದೇ ನಿಧಾನ, ನಡುವೆ ಅದೇ ಕೆಮ್ಮು. ಕಳ್ಳ ಅದನ್ನೂ ಕದ್ದಿದ್ದ!

"ನೀವೂ ಒಂದು ಹಗ್ಗ ಹಿಡಿಯಬಹುದಿತ್ತು" ಅಂದಳು ಹೆಂಡತಿ ಸೇಸಮ್ಮ.

"ನನ್ನ ಕಣ್ಣಿಗೆ ಹಗ್ಗ ಬೇಡ."

"ಕಣ್ಣಿಗೆ ಬೇಡ, ಸರಿ. ಹೊಟ್ಟೆ ಉರಿಗೆ ಏನು ಮಾಡ್ತೀರಿ?"

ಆಟಿ ತಿಂಗಳಲ್ಲಿ ಶೇಖರ ಶಾಲೆಯ ಜಗಲಿಯಲ್ಲಿ ಸಭೆ ಕರೆದರು. ತುಕ್ರಪ್ಪ ಕೂರಲಿಲ್ಲ, ಹೊರಗಿನ ಕಂಬಕ್ಕೆ ಒರಗಿ ನಿಂತ. ಸರಕಾರ ಕಳಿಸಿದ ಒಂದು ಗೊಬ್ಬರ ಉಂಟು, ನೋಡಲಿಕ್ಕೆ ಉಪ್ಪಿನ ಹಾಗೆ ಬಿಳಿ, ಪೈರಿನ ಬುಡದಲ್ಲಿ ತೆಂಡೆ ಒಡೆಯುವಾಗ ಎಕರೆಗೆ ಒಂದು ಮೂಟೆ ಎರಚಿದರೆ ಸಾಕು ಎಂದು ಶೇಖರ ಪುಸ್ತಕದ ಕನ್ನಡದಲ್ಲಿ ವಿವರಿಸಿದರು. ಸಂಕಪ್ಪನ ತಾಯಿ ಎದ್ದು ನಿಂತಳು. "ಉಪ್ಪು ಬಿದ್ದ ಮಣ್ಣಿನಲ್ಲಿ ಹುಲ್ಲು ಕೂಡ ಹುಟ್ಟುವುದಿಲ್ಲ ಮಗಾ. ನಮಗೆ ಬೇಡ." ಸಂಕಪ್ಪ ತಾಯಿಯ ಮಾತು ಮೀರುವವನಲ್ಲ. ಅವನು ಗೊಬ್ಬರ ಬೇಡ ಅಂದ.

"ಇರಲಿ, ಸಂಕಪ್ಪನವರ ಗದ್ದೆಯನ್ನು ಎಲ್ಲರೂ ಒಮ್ಮೆ ನೋಡಿ ಬನ್ನಿ" ಅಂದರು ಶೇಖರ. "ಈ ಬೈಲಿಗೆ ಅವರು ಗುರು ಇದ್ದ ಹಾಗೆ."

ಗುರು! ತುಕ್ರಪ್ಪ ಉಗುಳಿ ಹೊರಟುಬಿಟ್ಟ. ಆಮೇಲೂ ಸಭೆ ಒಂದು ಗಳಿಗೆ ನಡೆಯಿತು. ಶೇಖರ ಇನ್ನೂ ಏನೋ ಹೇಳುತ್ತಿದ್ದರು. ಆ ಉಳಿದ ಮಾತು ತುಕ್ರಪ್ಪನ ಕಿವಿಗೆ ಬೀಳಲಿಲ್ಲ.

ಅಲ್ಲಿಂದ ಅವನು ಹೋದದ್ದು ನೇರ ಉಮ್ಮರ್ ಬ್ಯಾರಿಯ ಅಂಗಡಿಗೆ. ಉಮ್ಮರ್‌ನ ಗಾಡಿ ವಾರಕ್ಕೊಮ್ಮೆ ಸಾಮಾನಿಗೆ ಮೂಡಬಿದ್ರೆಗೆ ಹೋಗುತ್ತಿತ್ತು.

"ಆ ಬಿಳಿ ಗೊಬ್ಬರ ಎರಡು ಮೂಟೆ ಬೇಕು. ಯಾರಿಗೂ ಗೊತ್ತಾಗಬಾರದು."

"ನಿಮಗಿರುವುದು ಒಂದೇ ಎಕರೆ ಅಲ್ವಾ ತುಕ್ರಪ್ಪಣ್ಣ?"

"ಗದ್ದೆ ನನ್ನದಾ ನಿನ್ನದಾ?"

"ನಿಮ್ಮದೇ ಮಾರಾಯ್ರೆ. ಉಪ್ಪಿನ ಗೋಣಿಯಲ್ಲಿ ತುಂಬಿಸಿ ತರ್ತೇನೆ. ಯಾರಾದರೂ ಕೇಳಿದರೆ ಮಾವಿನ ಮಿಡಿಗೆ ಅಂತ ಹೇಳಿ."

"ಆಟಿಯಲ್ಲಿ ಎಲ್ಲಿಯ ಮಾವಿನ ಮಿಡಿ?"

"ಹಾಗಾದರೆ ಸುಮ್ಮನಿರಿ" ಅಂದ ಉಮ್ಮರ್.

ಮೂಟೆ ಬಂದ ಮರುದಿನ ಮಧ್ಯಾಹ್ನ ಎಲ್ಲರೂ ಗಂಜಿಗೆ ಒಳಗೆ ಸೇರಿದ ಹೊತ್ತು ನೋಡಿ ತುಕ್ರಪ್ಪ ಮಳೆಗೆ ಎಲೆಯ ಗೊರಬು ಹಾಕಿಕೊಂಡು ಗದ್ದೆಗೆ ಇಳಿದ. ಆಟಿಯ ಮಳೆ ಹೊಯ್ಯುತ್ತಿತ್ತು. ಬುಟ್ಟಿ ಬುಟ್ಟಿ ಗೊಬ್ಬರ ಎರಚಿದ. ಎರಚುವಾಗ ಅವನ ಕಣ್ಣು ಕೆಳಗಿನ ಗದ್ದೆಯ ನೇರ ಸಾಲಿನ ಮೇಲೆ. ಪೈರು ಹೂ ಬಿಡುವಾಗ ನೋಡುವ, ಯಾರು ಗುರು ಎಂದು.

ಹುಣಿಯ ಮೂಲೆಯಲ್ಲಿ ಕಂಡಿ ತೆರೆದೇ ಇತ್ತು. ಮೇಲಿನ ಗದ್ದೆಯ ನೀರು ಆ ಕಂಡಿಯಿಂದ ಕೆಳಗಿನ ಗದ್ದೆಗೆ, ಅಲ್ಲಿಂದ ಅದರ ಕೆಳಗಿನದಕ್ಕೆ, ಕೊನೆಗೆ ತೋಡಿಗೆ. ಅದು ಅಜ್ಜನ ಕಾಲದ ಕಟ್ಟಳೆ. ಮಳೆಗಾಲದಲ್ಲಿ ಕಂಡಿ ಮುಚ್ಚಿದವನ ಮನೆಯಲ್ಲಿ ಒಲೆ ಉರಿಯುವುದಿಲ್ಲ ಎಂದು ಹಿರಿಯರ ಮಾತು. ಕೆಳಗಿನವನ ಮೇಲೆ ಎಷ್ಟು ಹಗೆ ಇದ್ದರೂ ಅವನ ನೀರನ್ನು ತಡೆಯುವವರು ಆ ಬೈಲಿನಲ್ಲಿ ಇರಲಿಲ್ಲ. ತುಕ್ರಪ್ಪನಿಗೂ ಅದು ತೋಚಲಿಲ್ಲ.

ಹತ್ತು ದಿನ ಕಳೆಯಿತು. ತುಕ್ರಪ್ಪನ ಪೈರು ಇದ್ದ ಹಾಗೇ ಇತ್ತು, ಕಾಮಾಲೆ ಹಿಡಿದವನ ಕಣ್ಣಿನ ಬಣ್ಣ. ಸಂಕಪ್ಪನ ಗದ್ದೆ ಕಪ್ಪಾಗುವಷ್ಟು ಹಸುರು. ಅದರಲ್ಲಿಯೂ ಕಂಡಿಯ ಬಾಯಿಂದ ಸುರುವಾಗಿ, ಬೀಸಣಿಗೆ ಬಿಡಿಸಿದ ಹಾಗೆ ಹಸುರು ಹರಡಿತ್ತು.

ತುಕ್ರಪ್ಪ ಉಮ್ಮರ್‌ನ ಅಂಗಡಿಗೆ ನುಗ್ಗಿದ. "ನೀನು ತಂದದ್ದು ಗೊಬ್ಬರವಾ, ನಿಜವಾದ ಉಪ್ಪಾ?"

ಉಮ್ಮರ್ ಬೆಲ್ಲದ ತಕ್ಕಡಿ ಕೆಳಗಿಟ್ಟ. "ಕಂಡಿ ಕಟ್ಟಿದ್ದಿರಾ?"

"ಕಂಡಿ ಯಾಕೆ ಕಟ್ಟಬೇಕು?"

"ಅಲ್ಲ ಮಾರಾಯ್ರೆ, ಸಭೆಯಲ್ಲಿ ಕಡೆಗೆ ಹೇಳಿದ್ದೇ ಅದು. ನಾನು ಅಂಗಡಿಯವ, ಬಂದವರ ಬಾಯಿಂದ ನಾನೂ ಕೇಳಿದ್ದೇನೆ. ಮೊದಲು ಗದ್ದೆಯ ನೀರು ಇಳಿಸಬೇಕು, ಗೊಬ್ಬರ ಹಾಕಬೇಕು, ಮೂರು ದಿನ ಕಂಡಿ ಕಟ್ಟಬೇಕು. ಇಲ್ಲದಿದ್ದರೆ ಗೊಬ್ಬರ ಕರಗಿ ನೀರಿನೊಟ್ಟಿಗೆ ಹೋಗ್ತದೆ." ಎಲ್ಲಿಗೆ ಹೋಗುತ್ತದೆ ಎಂದು ಅವನು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಆಮೇಲೆ ತುಕ್ರಪ್ಪ ಮಾತು ಕಡಿಮೆ ಮಾಡಿದ. ಸೋಣ ತಿಂಗಳು ಕಳೆದು ನಿರ್ನಾಲ ಬಂತು. ಸಂಕಪ್ಪನ ಗದ್ದೆಯಲ್ಲಿ ತೆನೆ ಬಾಗಿತು. ದಾರಿಯಲ್ಲಿ ಹೋಗುವವರು ನಿಂತು ನೋಡಿದರು. ನೋಡಿದವರಿಗೆಲ್ಲ ಸಂಕಪ್ಪ ಒಂದೇ ಮಾತು ಹೇಳಿದ: "ಗೊಬ್ಬರ ಗಿಬ್ಬರ ಏನೂ ಬೇಡ. ಒಂದು ಹಗ್ಗ ಸಾಕು."

ಉಮ್ಮರ್‌ನನ್ನು ಬಿಟ್ಟರೆ ಆ ಮಾತು ಸುಳ್ಳು ಎಂದು ಗೊತ್ತಿದ್ದವನು ಇಡೀ ಬೈಲಿನಲ್ಲಿ ತುಕ್ರಪ್ಪ ಒಬ್ಬನೇ. ಬಾಯಿ ಮುಚ್ಚಿ ಕೂತರೆ ಸಾಕಿತ್ತು. ಬರುವ ವರ್ಷ ಹತ್ತು ಮನೆಯವರೂ ಬರೀ ಹಗ್ಗ ನಂಬಿ ನೆಡುತ್ತಾರೆ, ಬೆಳೆ ಇಷ್ಟು ಬರುವುದಿಲ್ಲ, ಎಲ್ಲರೂ ಸಂಕಪ್ಪನ ಮುಖಕ್ಕೆ ಉಗಿಯುತ್ತಾರೆ. ಅದನ್ನು ನೆನೆದರೆ ಬೆಲ್ಲ ತಿಂದ ಹಾಗೆ ಆಗುತ್ತಿತ್ತು. ಆದರೆ ಹತ್ತು ಮನೆಯಲ್ಲಿ ಗಂಜಿಯೂ ತೆಳ್ಳಗಾಗುತ್ತದೆ. ಇಪ್ಪತ್ತು ವರ್ಷದಲ್ಲಿ ಅವನು ಗೊತ್ತಿದ್ದೂ ಗೊತ್ತಿದ್ದೂ ಯಾರಿಗೂ ತಪ್ಪು ದಿನ ಹೇಳಿದವನಲ್ಲ. ಈ ಎರಡರ ನಡುವೆ ಅವನಿಗೆ ಊಟ ಸೇರಲಿಲ್ಲ.

ಕೊಯ್ಲಿನ ದಿನ ಶೇಖರ ಬಂದು ಸಂಕಪ್ಪನ ಗದ್ದೆಯಲ್ಲಿ ನಾಲ್ಕು ಗೂಟ ನೆಟ್ಟು, ಅಷ್ಟು ಜಾಗದ ಪೈರು ಮಾತ್ರ ಕೊಯ್ಯಿಸಿ, ಅವನ ಅಂಗಳದಲ್ಲಿ ಬಡಿಯಿಸಿ, ಭತ್ತ ಅಳೆದರು. ಆ ಬೈಲಿನಲ್ಲಿ ಅಷ್ಟು ಬೆಳೆ ಯಾರೂ ಕಂಡಿರಲಿಲ್ಲ. "ಬರುವ ಗುರುವಾರ ಮೂಡಬಿದ್ರೆಯಲ್ಲಿ ರೈತರ ಸಭೆ ಉಂಟು. ಸಂಕಪ್ಪನವರು ಬಂದು ನಾಲ್ಕು ಮಾತು ಹೇಳಬೇಕು" ಅಂದರು.

ಸಂಕಪ್ಪನ ಮುಖ ಅರಳಿತು. ಅಂಗಳದಲ್ಲಿ ಸೇರಿದವರ ಎದುರು ನಿಂತು ಸಣ್ಣಗೆ ಕೆಮ್ಮಿದ. "ನಾನು ಹೇಳುವುದು ಇಷ್ಟೇ. ಹಗ್ಗ ಹಿಡಿಯಿರಿ. ಹಿಡಿಯದಿದ್ದರೆ ಏನಾಗ್ತದೆ ಅಂತ ಮೇಲಿನ ಗದ್ದೆ ನೋಡಿದರೆ ಗೊತ್ತಾಗ್ತದೆ. ತುಕ್ರಪ್ಪಣ್ಣ ಹಿರಿಯರು, ಪಾಪ, ಅವರಿಗೆ ಹೊಸತು ತಲೆಗೆ ಹೋಗುವುದಿಲ್ಲ."

ಅವನು ಕೆಟ್ಟದ್ದಕ್ಕೆ ಹೇಳಿದ್ದಲ್ಲ. ಆ 'ಪಾಪ' ಒಂದನ್ನು ಮಾತ್ರ ತುಕ್ರಪ್ಪನಿಂದ ತಾಳಲಿಕ್ಕೆ ಆಗಲಿಲ್ಲ.

"ಅದು ನನ್ನ ಗೊಬ್ಬರ!" ಅವನು ಕೂಗಿದ. "ಇವರು ಅಳೆದರಲ್ಲ ಭತ್ತ, ಅದು ನನ್ನ ಗೊಬ್ಬರದ್ದು! ಎರಡು ಮೂಟೆ ಹಾಕಿದ್ದೇನೆ ನಾನು. ಕಂಡಿ ಕಟ್ಟಲಿಲ್ಲ. ಪೂರಾ ನಿನ್ನ ಗದ್ದೆಗೆ ಇಳಿಯಿತು. ಬೇಕಿದ್ದರೆ ಬ್ಯಾರಿಯನ್ನು ಕೇಳು!"

ಮೊದಲು ನಕ್ಕವಳು ಸರಸ. "ಅಯ್ಯೋ ದೇವರೇ! ಹಡೆದದ್ದು ಒಬ್ಬಳು, ತೊಟ್ಟಿಲು ತೂಗಿದ್ದು ಇನ್ನೊಬ್ಬಳು!" ಮತ್ತೆ ಎಲ್ಲರೂ ನಕ್ಕರು. ಬಡಿದ ಹುಲ್ಲಿನ ಮೇಲೆ ಬಿದ್ದು ನಕ್ಕರು. ತುಕ್ರಪ್ಪನ ಕಿವಿ ಬಿಸಿಯಾಯಿತು. ನಗದವರು ಇಬ್ಬರೇ, ಶೇಖರ ಮತ್ತು ಸಂಕಪ್ಪ.

ಶೇಖರ ತುಕ್ರಪ್ಪನ ಹತ್ತಿರ ಬಂದು ಕೂತರು. ಯಾವ ದಿನ ಹಾಕಿದ್ದು, ಗದ್ದೆಯಲ್ಲಿ ಎಷ್ಟು ನೀರು ಇತ್ತು, ಮಳೆ ಎಷ್ಟು ಹೊತ್ತು ಬಂತು ಎಂದು ಒಂದೊಂದಾಗಿ ಕೇಳಿದರು. ಮಳೆ, ನೀರು, ದಿನ. ಅದನ್ನು ತುಕ್ರಪ್ಪನಷ್ಟು ಸರಿಯಾಗಿ ನೆನಪಿಟ್ಟವರು ಯಾರಿದ್ದಾರೆ? ಅವನು ಹೇಳುತ್ತಾ ಹೋದ. ಹೇಳುತ್ತಾ ಧ್ವನಿ ಮೊದಲಿನ ಹಾಗೆ ನಿಧಾನವಾಯಿತು.

"ಎರಡು ಮೂಟೆ ನಿಮ್ಮ ಗದ್ದೆಯಲ್ಲೇ ನಿಂತಿದ್ದರೆ ಪೈರು ಸೊಕ್ಕಿ ಮಲಗಿಬಿಡುತ್ತಿತ್ತು" ಅಂದರು ಶೇಖರ. "ಕಂಡಿ ಕಟ್ಟಿ ಎಂದು ನಾನು ಎಲ್ಲಾ ಊರಲ್ಲಿ ಹೇಳ್ತೇನೆ. ಯಾರೂ ಕಟ್ಟುವುದಿಲ್ಲ, ಕೆಳಗಿನವರ ಶಾಪ ತಟ್ಟುತ್ತದೆ ಎಂದು ಹೆದರುತ್ತಾರೆ. ನಿಮ್ಮ ಬಾಯಲ್ಲಿ ಬಂದರೆ ಕೇಳಿಯಾರು. ಗುರುವಾರ ನೀವು ಬನ್ನಿ."

"ಹಾಗಾದರೆ ನಾನು?" ಅಂದ ಸಂಕಪ್ಪ.

"ನೀವೂ ಬನ್ನಿ. ಹಗ್ಗದ ವಿಷಯ ನೀವು ಹೇಳಿ, ಗೊಬ್ಬರದ್ದು ಇವರು ಹೇಳಲಿ."

"ನನಗೆ ಗುರುವಾರ ಕೆಲಸ ಉಂಟು" ಅಂದ ಸಂಕಪ್ಪ. ಯಾರ ಮುಖವನ್ನೂ ನೋಡದೆ ಹುಲ್ಲಿನ ಕಟ್ಟು ಹೊತ್ತು ನಡೆದ. ಆ ನಡಿಗೆ ಎಂಥದ್ದು ಎಂದು ತುಕ್ರಪ್ಪನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಾಲ್ಕು ತಿಂಗಳು ಅವನೇ ಹಾಗೆ ನಡೆದಿದ್ದ. ಕರೆಯುವ ಅನ್ನಿಸಿತು. ಕರೆಯಲಿಲ್ಲ. ಹುಲ್ಲಿನ ಕಟ್ಟು ಎಷ್ಟು ದಪ್ಪ ಇತ್ತು ಎಂದರೆ, ಅದನ್ನು ನೋಡಿ ಹಳೆಯ ಹೊಟ್ಟೆಕಿಚ್ಚು ಮತ್ತೊಮ್ಮೆ ಎದ್ದಿತು.

ಬುಧವಾರ ಇಬ್ಬರು ಮೂವರು ಅವನ ಜಗಲಿಗೆ ಬಂದರು. "ಕಂಡಿ ಕಟ್ಟಿದರೆ ಕೆಳಗಿನವ ಜಗಳಕ್ಕೆ ಬಂದರೆ ಏನು ಮಾಡುವುದು ತುಕ್ರಪ್ಪಣ್ಣ?"

"ಮೊದಲೇ ಅವನ ಮನೆಗೆ ಹೋಗಿ ಕೇಳಿ ಕಟ್ಟಿ. ಮೂರೇ ದಿನ. ನಾಲ್ಕನೆಯ ದಿನ ನೀವೇ ಹೋಗಿ ಬಿಡಿಸಿ" ಅಂದ ತುಕ್ರಪ್ಪ. ಹಾಗೆ ಕೇಳಲಿಕ್ಕೆ ತಾನು ಸಂಕಪ್ಪನ ಮನೆ ಮೆಟ್ಟಲು ಹತ್ತಿಯಾನೋ ಇಲ್ಲವೋ, ಅದು ಅವನಿಗೇ ಗೊತ್ತಿರಲಿಲ್ಲ.

ಮರುದಿನ ಬೆಳಗಿನ ಬಸ್ಸಿಗೆ ಅವನನ್ನು ಕಳಿಸಿಕೊಡಲಿಕ್ಕೆ ಹತ್ತೂ ಮನೆಯಿಂದ ಒಬ್ಬೊಬ್ಬರು ಬಂದು ನಿಂತಿದ್ದರು. ಸಂಕಪ್ಪನ ಮನೆಯಿಂದ ಅವನ ತಾಯಿ ಬಂದಿದ್ದಳು, ಅವನು ಬರಲಿಲ್ಲ. ಶೇಖರ ತುಕ್ರಪ್ಪನಿಗೆ ಕಿಟಕಿಯ ಬದಿಯ ಸೀಟು ಬಿಟ್ಟುಕೊಟ್ಟರು. ಮೂಡಬಿದ್ರೆಗೆ ಹೋದವನು ತುಕ್ರಪ್ಪ. ಹೋದದ್ದು ಬೊಂತೆಲ್ ತಿಂಗಳ ಮೊದಲ ಗುರುವಾರ.