ಉಪ್ಪು ಹಿಟ್ಟು

ಸಾಟರ್ನ್ ದೇವರಿಗೆ ಯಾವ ಪ್ರಾಣಿಯನ್ನೂ ಬಲವಂತದಿಂದ ಕೊಡುವ ಹಾಗಿಲ್ಲ. ನೆತ್ತಿಯ ಮೇಲೆ ಉಪ್ಪು ಬೆರೆಸಿದ ಹಿಟ್ಟು ಉದುರಿಸಬೇಕು, ಅದು ತಾನಾಗಿಯೇ ತಲೆ ಬಾಗಿಸಬೇಕು. ಬಾಗಿಸಿದರೆ ಒಪ್ಪಿತು ಎಂದರ್ಥ. ಪಾಪದ ಮೂಕಪ್ರಾಣಿ ಒಪ್ಪದೆ ಇನ್ನೇನು ಮಾಡೀತು ಎಂದು ರೊಗಾತಾ ಇಷ್ಟು ವರ್ಷ ಅಂದುಕೊಂಡಿದ್ದಳು. ಇವತ್ತಿನ ಕುರಿಮರಿ ಒಪ್ಪಲಿಲ್ಲ.

ಗುಡ್ಡದ ಮೇಲಿನ ಬಲಿಕಟ್ಟೆಯ ಮುಂದೆ ಅದು ಕತ್ತು ಸೆಟೆಸಿಕೊಂಡು ಅವಳನ್ನೇ ನೋಡುತ್ತ ನಿಂತಿತ್ತು. ಕೆಳಗೆ ಊರಿನಲ್ಲಿ ಅವಳ ಒಬ್ಬಳೇ ಪುಟ್ಟ ಮಗಳು ಗುದ್ದೇನಾ ಜ್ವರದಲ್ಲಿ ಕಣ್ಣು ಬಿಡದೆ ಮಲಗಿದ್ದಳು. ಉಸಿರಿಗೆ ಉಸಿರು, ನೆತ್ತರಿಗೆ ನೆತ್ತರು, ಮಗಳ ಬದಲು ಮರಿ. ಹರಕೆ ಹಾಗಿತ್ತು.

"ಇನ್ನೊಂದು ಹಿಡಿ ಉದುರ್ಸವ್ವ," ಎಂದ ಮುದಿ ಪೂಜಾರಿ ಇಯಾದೆರ್. "ಮದುವಣಗಿತ್ತಿ ಥರ ಅದೇನು ಬಿಗುಮಾನ ಮಾಡ್ತೈತೆ!"

ರೊಗಾತಾ ಉದುರಿಸಿದಳು. ಮರಿ ಅಲುಗಲಿಲ್ಲ. ಬಲಿ ಮುಗಿಯುವವರೆಗೂ ನಿಲ್ಲಿಸದೆ ಕೊಳಲೂದಬೇಕಾದವನಿಗೆ ಊದಿ ಊದಿ ಕಣ್ಣು ಮೇಲೆ ಸಿಕ್ಕಿಕೊಂಡಿತ್ತು. ಪೂಜಾರಿ ಕತ್ತಿಗೆಂದು ಆಚೆ ತಿರುಗಿದ್ದೇ ತಡ, ಅವಳು ಹೆಬ್ಬೆರಳಿನಿಂದ ಮರಿಯ ನೆತ್ತಿ ಒತ್ತಿಬಿಟ್ಟಳು. ತಲೆ ಬಾಗಿತು.

"ಬಗ್ತು ಪೂಜಾರಪ್ಪ, ಒಪ್ತು!" ಎಂದು ತಾನೇ ಕೂಗಿದಳು. ತಾಯಿಕರುಳು, ಏನು ಮಾಡಿಯಾಳು?

ಮರಿಯನ್ನು ಕೊಯ್ದು ಹೊಟ್ಟೆ ಸೀಳಿದ ಇಯಾದೆರ್ ಬಹಳ ಹೊತ್ತು ಒಳಗೆ ಕೈಯಾಡಿಸಿದ. ಈಲಿ, ಪುಪ್ಪುಸ ಎಲ್ಲ ಸಿಕ್ಕವು. ಗುಂಡಿಗೆ ಇರಬೇಕಾದ ಜಾಗದಲ್ಲಿ ಮಾತ್ರ ಏನೂ ಇರಲಿಲ್ಲ, ಹರಿದ ಗುರುತೂ ಇರಲಿಲ್ಲ. ಕೊಳಲು ನಿಂತುಹೋಯಿತು.

"ದೇವ್ರು ಇದನ್ನ ತಗಂಡಿಲ್ಲ," ಎಂದ ಇಯಾದೆರ್. ಕೈ ಆಚೆಗೆಳೆದು ಅವಳತ್ತ ತಿರುಗಿದ. "ನೀನೇನಾದ್ರೂ ಅದರ ತಲೆ ಮುಟ್ಟಿದ್ಯಾ?"

"ಅಯ್ಯೋ, ನಾನ್ಯಾಕೆ ಮುಟ್ಲಿ?"

"ಹಂಗಾದ್ರೆ ನಾಳೆ ಇನ್ನೊಂದು ಮರಿ ತಗಂಬಾ. ಯಾವ್ದಾದ್ರೂ ಒಂದು ತಲೆ ತಾನಾಗಿ ಬಗ್ಗೋವರೆಗೂ ಅವನು ಕಾಯ್ತಾನೆ. ಬರಿಗೈಲಿ ಹೋಗೋನಲ್ಲ ಅವನು."

ರೊಗಾತಾ ಎದ್ದೆನೋ ಬಿದ್ದೆನೋ ಎಂದು ಮನೆಗೆ ಓಡಿದಳು. ಗುದ್ದೇನಾ ಹಾಸಿಗೆಯ ಮೇಲೆ ಎದ್ದು ಕೂತಿದ್ದಳು. ಹಣೆ ಮುಟ್ಟಿದರೆ ತಣ್ಣಗಿತ್ತು.

"ಅವ್ವಾ, ಹಸಿವು."

"ನನ್ನ ಚಿನ್ನ! ಇರು, ರೊಟ್ಟಿ ಕೊಡ್ತೀನಿ. ಅಂಜೂರನೂ ಐತೆ."

ಸಂತೋಷಕ್ಕೆ ಅವಳಿಗೆ ಅಳುವೇ ಬಂತು. ಆ ಮುದುಕನಿಗೆ ಕಣ್ಣು ಮಂಜು, ಗುಂಡಿಗೆ ಕಂಡಿಲ್ಲ ಅಷ್ಟೆ ಎಂದುಕೊಂಡಳು. ಮಗಳನ್ನು ಎದೆಗವುಚಿಕೊಂಡು ತಲೆ ಸವರಿದಳು. ಬೆವರಿಗೆ ಅಂಗೈಯಲ್ಲಿ ಅಂಟಿಕೊಂಡಿದ್ದ ಉಪ್ಪು ಹಿಟ್ಟು ಮಗುವಿನ ಕಪ್ಪು ಕೂದಲ ಮೇಲೆ ಬೆಳ್ಳಗೆ ಉದುರಿತು.

ರೊಗಾತಾ ಬೆಂಕಿ ಮುಟ್ಟಿದವಳ ಹಾಗೆ ಕೈ ಹಿಂದೆಳೆದುಕೊಂಡಳು. ಈಗ ಆ ತಲೆಯ ಮೇಲೆ ಯಾರ ಕೈಯೂ ಇರಲಿಲ್ಲ. ಗುದ್ದೇನಾ ಅವಳನ್ನೇ ನೋಡುತ್ತ ನಿಧಾನವಾಗಿ ತಲೆ ಬಾಗಿಸಿದಳು.