ಬಣ್ಣ ಹೋಯಿತು, ಎಣ್ಣೆ ಉಳಿಯಿತು

ಅತ್ತಿಗೆ ಆವತ್ತು ಬುಟ್ಟಿಯನ್ನು ಇಳಿಸಲಿಲ್ಲ, ಜಗುಲಿಯ ಮೇಲೆ ಎಸೆದರು. ಕಪ್ಪೆಚಿಪ್ಪುಗಳು ಸದ್ದು ಮಾಡುತ್ತಾ ಉರುಳಿದವು. ಹೊಳೆ ಕಡಲು ಸೇರುವ ಕಡೆ, ನೀರು ಇಳಿದ ಹೊತ್ತಿನಲ್ಲಿ, ಮೊಣಕಾಲುದ್ದ ಕೆಸರಿನಲ್ಲಿ ನಿಂತು ಸೊಂಟ ಬಗ್ಗಿಸಿ ಆರಿಸಿದ ಚಿಪ್ಪುಗಳು ಅವು. ಹೋಟೆಲಿನ ಅಡುಗೆಯವನು ಮೂಸಿ ನೋಡಿ ಹಾಗೇ ವಾಪಸ್ಸು ಕಳಿಸಿದ್ದ.

“ಡೀಸೆಲ್ ವಾಸನೆಯಂತೆ. ಇನ್ಮೇಲೆ ತರಲೇಬೇಡಿ ಅಂದ.”

ಮೈದುನ ಬಾಗಿಲಲ್ಲಿ ಕೂತು ಸ್ಪ್ಯಾನರ್ ಒರೆಸುತ್ತಿದ್ದ. ದೋಣಿ ಅವನದು. ಎಲ್ಲರೂ ಅವನನ್ನು ‘ಇಂಜಿನ್’ ಅಂತಲೇ ಕರೆಯುವುದು. ಇಂಜಿನ್ನಿನ ಸದ್ದಿಗೆ ಕೊಡುವ ಕಿವಿಯನ್ನು ಅವನು ಮನುಷ್ಯರ ಮಾತಿಗೆ ಕೊಡುವುದಿಲ್ಲ.

“ಅದು ಆ ಹಡಗಿನ ಕೆಲಸ ಅತ್ತಿಗೆ. ಹೋದ ವರ್ಷ ಎಣ್ಣೆ ಸೋರಿಸ್ತಲ್ಲ, ಆ ದರಿದ್ರದ್ದು.”

ದೂರಲು ಆ ಹಡಗೊಂದು ಸಿಕ್ಕಿತ್ತು ಎಲ್ಲರಿಗೂ. ಮೀನು ಕಮ್ಮಿಯಾದರೆ ಹಡಗು, ಬಲೆ ಹರಿದರೂ ಹಡಗು. ಅತ್ತೆಯ ಮಂಡಿನೋವನ್ನು ಮಾತ್ರ ಇನ್ನೂ ಯಾರೂ ಅದರ ತಲೆಗೆ ಕಟ್ಟಿರಲಿಲ್ಲ.

“ಯಾರ ಕೆಲಸವೋ ಏನೋ,” ಎಂದರು ಅತ್ತಿಗೆ. “ಚಿಪ್ಪು ಹೋಗದಿದ್ರೆ ನಾನು ಮತ್ತೆ ಐಸ್ ಕಾರ್ಖಾನೆಗೇ ಹೋಗ್ಬೇಕು.”

ಹಿಂದೆ ಅಲ್ಲಿ ಮೀನು ಹೆಚ್ಚುವ ಕೆಲಸ ಮಾಡಿ ಅವರ ಬೆರಳುಗಳು ಎಷ್ಟು ಮರಗಟ್ಟಿದ್ದವೆಂದರೆ, ಮಗಳ ಅಂಗಿಯ ಗುಂಡಿ ಹಾಕಲೂ ಆಗುತ್ತಿರಲಿಲ್ಲ. ಆ ಮಂಜುಗಡ್ಡೆಯ ಮುಂದೆ ಮತ್ತೆ ನಿಲ್ಲುವುದೆಂದರೆ ಅವರಿಗೆ ಅಳುವೇ ಬರುತ್ತಿತ್ತು.

“ಅದಿರಲಿ, ಮೊನ್ನೆ ತಂದ ಸೋಪಿನ ಪುಡಿ ಎಲ್ಲಿ? ಮನೇಲಿ ಇಲಿ ತಿನ್ನುತ್ತಾ ಅದನ್ನ?” ಎಂದು ಕೇಳಿದರು ಅತ್ತಿಗೆ.

ಇಂಜಿನ್ ಗೋಡೆ ನೋಡಿದ.

ಮಾರನೆಯ ದಿನ ದೋಣಿ ಕಟ್ಟುವ ಕಟ್ಟೆಗೆ ಮೀನುಗಾರಿಕೆ ಕಚೇರಿಯ ಮೇಡಂ ಬಂದರು. ಅತ್ತಿಗೆಯೇ ಫೋನ್ ಮಾಡಿ ಕರೆಸಿದ್ದರು. ‘ಎಣ್ಣೆ ನೀರಿಗೆ ಬಿಡಬೇಡಿ’ ಎಂದು ಊರೂರಿನಲ್ಲಿ ಹೇಳಿ ಹೇಳಿ ಮೇಡಂ ಗಂಟಲು ಕಟ್ಟಿತ್ತು. ಅವರು ಬರುವ ಹೊತ್ತಿಗೆ ಇಂಜಿನ್ ದೋಣಿಯ ತಳದಲ್ಲಿ ನಿಂತ ನೀರನ್ನು ಹೊರಗೆ ಚೆಲ್ಲುತ್ತಿದ್ದ. ನೀರಿನ ಜೊತೆ ಹಳೆಯ ಆಯಿಲ್ಲೂ ಬಂತು. ಹೊಳೆಯ ಮೇಲೆ ಕಾಮನಬಿಲ್ಲಿನ ಬಣ್ಣ ಹರಡಿತು. ಅವನು ಜೇಬಿನಿಂದ ಒಂದು ಪೊಟ್ಟಣ ತೆಗೆದು, ಸೋಪಿನ ಪುಡಿ ಎರಚಿ, ಹುಟ್ಟಿನಿಂದ ಕಲಕಿದ. ಬಣ್ಣ ಮಾಯವಾಯಿತು.

“ಕಳ್ಳ! ಇಲಿ ಇದೇನಾ?” ಎಂದರು ಮೇಡಂ ಜೊತೆಗೇ ಬಂದಿದ್ದ ಅತ್ತಿಗೆ.

ಇಂಜಿನ್ ಎದೆಯುಬ್ಬಿಸಿದ. “ನೋಡಿ ಮೇಡಂ, ಕೊಳಕು ಮಾಡಿ ಹೋಗೋನಲ್ಲ ನಾನು. ತೊಳೆದೇ ಹೋಗೋದು. ಈ ಕಟ್ಟೆಯವರಿಗೆಲ್ಲ ಕಲಿಸಿದ್ದೂ ನಾನೇ.”

ಮೇಡಂ ಕಟ್ಟೆಯ ಮೇಲೆ ಕೂತೇಬಿಟ್ಟರು. “ಅಣ್ಣ, ಎಣ್ಣೆ ಎಲ್ಲಿ ಹೋಯ್ತು?”

“ಹೋಯ್ತಲ್ಲ.”

“ಎಲ್ಲಿಗೆ?”

ಅವನು ಬಗ್ಗಿ ನೀರಿನೊಳಗೆ ನೋಡಿದ.

ನೀರು ಇಳಿದ ಮೇಲೆ ಮೂವರೂ ದೋಣಿಗಳ ಹಿಂದಿನ ಕೆಸರಿಗೆ ಇಳಿದರು. ಅತ್ತಿಗೆ ಕುಡುಗೋಲಿನಿಂದ ಅಗೆದರು. ಬೆರಳುದ್ದ ಕೆಳಗೆ ಕೆಸರು ಕಪ್ಪಾಗಿ ಮಿನುಗುತ್ತಿತ್ತು. ಚಿಪ್ಪುಗಳು ಬಾಯಿ ತೆರೆದು ಸತ್ತಿದ್ದವು. ಏಡಿಯ ಬಿಲಗಳು ಖಾಲಿ.

“ಸೋಪು ಎಣ್ಣೇನ ಕರಗಿಸಿ ಇಲ್ಲದ ಹಾಗೆ ಮಾಡಲ್ಲ ಅಣ್ಣ,” ಎಂದರು ಮೇಡಂ. “ಕಣ್ಣಿಗೆ ಕಾಣದಷ್ಟು ಸಣ್ಣ ಹನಿ ಮಾಡುತ್ತೆ. ಆ ಹನಿ ನೀರಲ್ಲಿ ಬೆರೆತು, ಕೆಸರು ಅಂಟಿಕೊಂಡು ತಳಕ್ಕೆ ಇಳಿಯುತ್ತೆ. ಚಿಪ್ಪು ಉಸಿರಾಡೋದು, ತಿನ್ನೋದು ಎರಡೂ ನೀರು ಸೋಸಿಕೊಂಡೇ. ಎಣ್ಣೆ, ಸೋಪು ಎರಡೂ ಅದರ ಹೊಟ್ಟೆಗೆ. ಮೀನಿನ ಮೊಟ್ಟೆ, ಸಣ್ಣ ಮರಿ ಇನ್ನೂ ಬೇಗ ಸಾಯ್ತವೆ.”

“ಇಷ್ಟು ದೊಡ್ಡ ಸಮುದ್ರಕ್ಕೆ ನನ್ನ ಒಂದು ಡಬ್ಬಿ ಎಣ್ಣೆ! ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.”

“ಹನಿ ಹನಿ ಕೂಡಿದ್ರೆ ಹಳ್ಳ ಅಂತಾರಲ್ಲ. ಹಡಗಿನ ತಪ್ಪು ಇಲ್ಲ ಅಂತಲ್ಲ. ಆದ್ರೆ ಅದು ಒಂದು ಸಲ ಸೋರಿಸ್ತು, ನೀವು ವಾರವಾರ.”

ಇಂಜಿನ್ ಇನ್ನೂ ಒಪ್ಪಲಿಲ್ಲ. ಆಗ ಅತ್ತಿಗೆ ಆಚೆ ದಡ ತೋರಿಸಿದರು. ಅಲ್ಲಿ ಯಾರೂ ದೋಣಿ ಕಟ್ಟುವುದಿಲ್ಲ. ದಾಟಿ ಹೋಗಿ ಅಗೆದರೆ ಕೆಸರು ಬೂದು ಬಣ್ಣ, ಚಿಪ್ಪುಗಳು ಬದುಕಿದ್ದವು. ಮುಟ್ಟಿದರೆ ಬಾಯಿ ಮುಚ್ಚಿಕೊಳ್ಳುತ್ತಿದ್ದವು. ನೀರಂಚಿನ ಗಿಡಗಳ ಉಸಿರಾಡುವ ಬೇರುಗಳು ಮಣ್ಣಿನಿಂದ ಎದ್ದು ನಿಂತಿದ್ದವು. ಈಚೆ ದಡದಲ್ಲಿ ಅಂಥವೇ ಬೇರುಗಳಿಗೆ ಎಣ್ಣೆ ಮೆತ್ತಿ ಗಿಡಗಳು ಒಣಗಿದ್ದವು.

“ಹಡಗಿನ ಎಣ್ಣೆಯೇ ಆಗಿದ್ರೆ ಅದಕ್ಕೆ ನಮ್ಮ ದಡ ಮಾತ್ರ ಗೊತ್ತಿತ್ತಾ ಮಹರಾಯ?” ಎಂದರು ಅತ್ತಿಗೆ. ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. ಸಿಟ್ಟಾಗಿದ್ದರೆ ಅವನು ಜಗಳವಾಡುತ್ತಿದ್ದ. ಸುಸ್ತಿಗೆ ಎದುರುತ್ತರ ಕೊಡಲಾಗದೆ ತಲೆ ತಗ್ಗಿಸಿದ.

“ಈಗ ಏನ್ಮಾಡ್ಲಿ ಮೇಡಂ?”

“ಇಂಜಿನ್ ಕೆಳಗೆ ಒಂದು ತಟ್ಟೆ ಇಡಿ. ತಳದ ನೀರು ಚೆಲ್ಲೋ ಮೊದಲು ಹಳೇ ಬಟ್ಟೆ ಹಾಕಿ ಎಣ್ಣೆ ಹೀರಿಸಿ. ಬಟ್ಟೆ, ಹಳೇ ಆಯಿಲ್ ಎರಡನ್ನೂ ಡಬ್ಬಿಗೆ ತುಂಬಿ ಕೊಡಿ, ಕಚೇರಿಯವರು ಒಯ್ಯೋ ವ್ಯವಸ್ಥೆ ಮಾಡ್ತೀನಿ. ಸೋಪು ಮಾತ್ರ ಬೇಡ. ಈ ದಡದ ಚಿಪ್ಪನ್ನ ಯಾರೂ ತಿನ್ನಬೇಡಿ. ಆಚೆ ದಡವನ್ನೂ ಬರಿದು ಮಾಡಬೇಡಿ, ಇಲ್ಲಿಗೆ ಮರಿ ಬರಬೇಕಾದದ್ದು ಅಲ್ಲಿಂದಲೇ.”

“ಯಾವಾಗ ಸರಿಹೋಗುತ್ತೆ?”

“ಹೇಳಕ್ಕಾಗಲ್ಲ ಅಣ್ಣ. ಕೆಡಿಸಿದಷ್ಟು ಬೇಗ ಸರಿಹೋಗಲ್ಲ.”

ಅತ್ತಿಗೆ ಐಸ್ ಕಾರ್ಖಾನೆಗೆ ಹೋದರು. ಇಂಜಿನ್ ಕಟ್ಟೆಯಲ್ಲಿ ಒಬ್ಬೊಬ್ಬರ ದೋಣಿಗೂ ಹೋಗಿ, ತಾನು ಕಲಿಸಿದ್ದನ್ನು ತಾನೇ ಬಿಡಿಸಿದ. ಎಲ್ಲರೂ ನಕ್ಕರು, ಅವನು ಸಹಿಸಿಕೊಂಡ. ಸಂಜೆ ಅತ್ತಿಗೆ ಬಂದಾಗ ಅವನೇ ಬಿಸಿನೀರು ಕಾಯಿಸಿ ಕೊಡುತ್ತಿದ್ದ. ನೀರು ಇಳಿದಾಗಲೆಲ್ಲ ಹೋಗಿ ಕೆಸರು ಅಗೆದು ನೋಡುತ್ತಿದ್ದ. ಒಂದು ಮಳೆಗಾಲ ಕಳೆಯಿತು. ಏನೂ ಇಲ್ಲ.

ಎರಡನೆಯ ಮಳೆಗಾಲ ಕಳೆದ ಮೇಲೆ ಒಂದು ಸಂಜೆ ಮುಷ್ಟಿ ಮುಚ್ಚಿಕೊಂಡು ಓಡಿ ಬಂದ. ಅಂಗೈಯಲ್ಲಿ ಉಗುರಿನಷ್ಟು ಚಿಪ್ಪು. ಅತ್ತಿಗೆ ಮರಗಟ್ಟಿದ ಬೆರಳಿನಿಂದ ಮುಟ್ಟಿದರು. ಅದು ಬಾಯಿ ಮುಚ್ಚಿಕೊಂಡಿತು.

“ಜೀವ ಇದೆ,” ಎಂದರು. ಕಣ್ಣು ತುಂಬಿತ್ತು. “ಹೋಗು, ಎಲ್ಲಿಂದ ತಂದೆಯೋ ಅಲ್ಲೇ ಇಟ್ಟು ಬಾ.”

ದೋಣಿ ಇರುವ ಅಣ್ಣಂದಿರೇ, ಇಂದು ನಿಮ್ಮ ಇಂಜಿನ್ನಿನ ಕೆಳಗೊಮ್ಮೆ ಬಗ್ಗಿ ನೋಡಿ. ಸೋರುತ್ತಿದ್ದರೆ ತಟ್ಟೆ ಇಡಿ. ಹಳೆಯ ಎಣ್ಣೆಯನ್ನು ಡಬ್ಬಿಗೆ ತುಂಬಿ, ನೀರಿಗಲ್ಲ. ಕಡಲಿನಲ್ಲಿ ದೊಡ್ಡ ಸೋರಿಕೆ ಕಂಡರೆ ಮುಟ್ಟಬೇಡಿ, ಸೋಪು ಎರಚಬೇಡಿ, ತಕ್ಷಣ ಮೀನುಗಾರಿಕೆ ಕಚೇರಿಗೆ ತಿಳಿಸಿ. ನಿಮ್ಮ ಮನೆಯಲ್ಲೂ ಒಬ್ಬರು ಅತ್ತಿಗೆ ಇರುತ್ತಾರೆ. ಅವರ ಬೆರಳುಗಳನ್ನು ಒಮ್ಮೆ ನೆನೆಯಿರಿ.