ತೋರಿಸುವ ಮನೆ

"ಒಂದನ್ನ ಕೊಂದಾಯ್ತು. ಇದನ್ನ ಎಷ್ಟು ದಿನ ಇಟ್ಕೋತೀಯ?"

ಡಾಕ್ಟರಮ್ಮ ಕೇಳಿದ್ದು ನನ್ನ ತಂಗಿಯನ್ನು. ಕೇಳುವಾಗ ಅವಳ ಮುಖ ನೋಡಲಿಲ್ಲ. ಗಾಜಿನ ಪೆಟ್ಟಿಗೆಯೊಳಗೆ ಮಲಗಿದ್ದ ಕೂಸಿನ ಕಾಲಿಗೆ ಅಂಟಿಸಿದ್ದ ತಂತಿ ಬಿಡಿಸುತ್ತಿದ್ದರು. ಅಂಥ ಪೆಟ್ಟಿಗೆಗಳು ಆ ಕೋಣೆಯ ತುಂಬ ಸಾಲಾಗಿದ್ದವು. ಪಕ್ಕದಲ್ಲಿ ಕೂತಿದ್ದ ಬೇರೆ ತಾಯಂದಿರು ಕೇಳಿಸಿಕೊಂಡು ತಲೆ ತಗ್ಗಿಸಿದರು. ತಂಗಿ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಿದ್ದಳು.

ಅವಳು ಹೆತ್ತದ್ದು ಅವಳಿ. ಇಟ್ಟಿಗೆ ಹೊತ್ತು ಮಹಡಿ ಹತ್ತುವಾಗ ನೋವು ಬಂದು, ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಎರಡೂ ಅಂಗೈಯಲ್ಲಿ ಹಿಡಿಯುವಷ್ಟಿದ್ದವು. ಹೆಣ್ಣುಕೂಸು ಕೊಂಚ ಗಟ್ಟಿಯಾಗಿತ್ತೆಂದು ಅದನ್ನು ಮೊದಲು ಮನೆಗೆ ಕಳಿಸಿದರು. ಮನೆಯೆಂದರೆ ನಾವು ಕೂಲಿ ಮಾಡುವ ಕಟ್ಟಡದ ಪಕ್ಕದಲ್ಲಿರುವ ನಮ್ಮ ತಗಡಿನ ಶೆಡ್ಡು. ಕೆಲವೇ ದಿನ ಇತ್ತು. ಒಂದು ಬೆಳಿಗ್ಗೆ ಎತ್ತಿಕೊಂಡರೆ ಮೈ ತಣ್ಣಗಿತ್ತು. ಮೂಗಿನ ಹೊಳ್ಳೆಯಲ್ಲಿ ಸಿಮೆಂಟಿನ ಪುಡಿ ಮೆತ್ತಿಕೊಂಡಿತ್ತು. ಈಗ ಉಳಿದದ್ದು ಗಂಡುಕೂಸು.

ಇನ್ನೂ ಸ್ವಲ್ಪ ಬೆಳೆಯಲಿ, ಆಮೇಲೆ ಕಳಿಸಿ ಎಂದು ನಾನು ಕೈ ಮುಗಿದೆ. ಇದು ತಾನೇ ಉಸಿರಾಡುತ್ತಿದೆ, ಹಾಲು ನುಂಗುತ್ತಿದೆ, ಇದಕ್ಕಿಂತ ಸಣ್ಣವು ಹೊರಗೆ ಕಾಯುತ್ತಿವೆ ಎಂದರು ಡಾಕ್ಟರಮ್ಮ. ಅದು ಸುಳ್ಳಲ್ಲ. ಬಾಗಿಲಾಚೆ ಒಬ್ಬ ಗಂಡಸು ಬಟ್ಟೆಯ ಗಂಟೊಂದನ್ನು ಎದೆಗೊತ್ತಿಕೊಂಡು ನಿಂತಿದ್ದನ್ನು ನಾನೇ ಕಂಡಿದ್ದೆ. ಆದರೆ ಡಾಕ್ಟರಮ್ಮ ಅಷ್ಟಕ್ಕೇ ಸುಮ್ಮನಾಗಬಹುದಿತ್ತು. "ಹೆರೋದು ಗೊತ್ತು ನಿಮಗೆ, ಕ್ಲೀನಾಗಿ ಇಟ್ಕೊಳ್ಳೋದು ಗೊತ್ತಿಲ್ಲ. ಹಂದಿಗಳ ಥರ," ಎಂದು ಮುಂದಿನ ಪೆಟ್ಟಿಗೆಗೆ ಹೋದರು.

ನರ್ಸು ತಂಗಿಯ ರವಿಕೆ ಬಿಚ್ಚಿಸಿ, ಕೂಸನ್ನು ಎದೆಯ ನಡುವೆ ಬೋರಲು ಮಲಗಿಸಿ, ಬಟ್ಟೆ ಸುತ್ತಿ ಕಟ್ಟಿದಳು. "ಇನ್ಮೇಲೆ ನಿನ್ನ ಮೈಯೇ ಇದರ ಪೆಟ್ಟಿಗೆ ಕಣಮ್ಮ. ಕೆಳಗಿಳಿಸ್ಬೇಡ," ಎಂದಳು. ಧೂಳು ಕೂಡದು, ಹೊಗೆ ಕೂಡದು, ತಣ್ಣನೆ ಗಾಳಿ ಸೋಕಬಾರದು, ಭಾರ ಹೊರಬಾರದು. ಎಲ್ಲಕ್ಕೂ ತಂಗಿ ಹೂಂಗುಟ್ಟಿದಳು. ನಾವು ಎಲ್ಲಿಗೆ ಹೋಗುತ್ತೇವೆಂದು ಯಾರೂ ಕೇಳಲಿಲ್ಲ.

ನಮ್ಮ ಶೆಡ್ಡಿನ ಒಂದು ಮಗ್ಗುಲಿಗೆ ಸಿಮೆಂಟು ಗೋಡೌನು, ಇನ್ನೊಂದು ಮಗ್ಗುಲಿಗೆ ಕಲ್ಲು ಕೊಯ್ಯುವ ಮಿಷನ್ನು. ಹಳೆ ಸೀರೆಗಳನ್ನು ನೆನೆಸಿ ತಗಡಿನ ಸಂದಿಗಳಿಗೆಲ್ಲ ತುರುಕಿದೆವು. ಮಧ್ಯಾಹ್ನದ ಹೊತ್ತಿಗೆ ಅವು ಒಣಗಿ ಬೂದಿಬಣ್ಣಕ್ಕೆ ತಿರುಗಿದ್ದವು. ತಂಗಿ ಕೂಸನ್ನು ಕಟ್ಟಿಕೊಂಡು, ಮೂಲೆಗೆ ಮುಖ ಮಾಡಿ ಕೂತೇ ಇದ್ದಳು.

ಸಂಜೆ ಕಂಟ್ರಾಕ್ಟರ್ ಬಂದ. ತಂಗಿಯ ಗಂಡ ಕಂಬಿ ಕಟ್ಟುವವನು. ಅವನನ್ನು ಎಲ್ಲರ ಮುಂದೆ ನಿಲ್ಲಿಸಿಕೊಂಡು, ಬಾಣಂತನಕ್ಕೆ ಅಂತ ನಿಮ್ಮಪ್ಪ ಕಟ್ಟಿಸಿದ ಶೆಡ್ಡಾ ಇದು ಎಂದು ಕೇಳಿದ. ಹೆಂಡತಿ ಮರುದಿನದಿಂದ ಬಾಣಲಿ ಹೊರಬೇಕು, ಇಲ್ಲವೆಂದರೆ ಜಾಗ ಖಾಲಿ ಮಾಡಬೇಕು. ಅವನು ಗೋಗರೆದ. ಅವಳ ಪಾಲಿನ ಕೆಲಸವನ್ನೂ ತಾನೇ ಮಾಡುತ್ತೇನೆ, ಆ ಕಲ್ಲಿನ ಮಿಷನ್ನನ್ನು ಒಂದಿಷ್ಟು ಆಚೆಗೆ ಇಡಿಸಿ, ಅಷ್ಟು ಸಾಕು ಎಂದ.

"ನಿನ್ನ ಕೂಸಿಗೋಸ್ಕರ ಕೆಲಸ ನಿಲ್ಲಿಸ್ಲೇನೋ ಬೋಳಿಮಗನೆ?" ಎಂದ ಕಂಟ್ರಾಕ್ಟರ್. "ಇದೂ ಹೋದ್ರೆ ಇನ್ನೊಂದು ಹುಟ್ಟಿಸು. ರಾತ್ರಿ ಬೇರೇನು ಕೆಲಸ ನಿಂಗೆ?"

ಜೊತೆಗಿದ್ದ ಸೂಪರ್‌ವೈಸರ್ ನಕ್ಕ. ತಂಗಿಯ ಗಂಡ ಕೈಯಲ್ಲಿದ್ದ ತಂತಿಯನ್ನು ತಿರುಚುತ್ತಲೇ ಇದ್ದ. ಅದು ತುಂಡಾದದ್ದೂ ಅವನಿಗೆ ತಿಳಿಯಲಿಲ್ಲ.

ಬೆಳಿಗ್ಗೆ ನಾನು ಪೊರಕೆ ಹಿಡಿದು ಹೊರಟಾಗ ತಂಗಿ ಕರೆದಳು. ಅವಳ ದನಿಯಲ್ಲಿ ಅಳುವಿರಲಿಲ್ಲ.

"ಅಕ್ಕ, ಉಸಿರು ಗೊರಗೊರ ಅಂತಿದೆ. ಅದೂ ಹಿಂಗೇ ಅಂತಿತ್ತು."

ಗಂಡ ಹೆಂಡತಿ ಕೂಸನ್ನು ತೆಗೆದುಕೊಂಡು ಆಸ್ಪತ್ರೆಗೆ ಓಡಿದರು. ಅಲ್ಲಿ ಮೂಗು ಗಂಟಲು ಶುದ್ಧ ಮಾಡಿ, ಈಗ ಪರವಾಗಿಲ್ಲ, ಪೆಟ್ಟಿಗೆ ಖಾಲಿಯಿಲ್ಲ, ಧೂಳಿನಿಂದ ದೂರ ಇಡಿ ಎಂದು ವಾಪಸು ಕಳಿಸಿದರಂತೆ. ಬಂದವರು ಶೆಡ್ಡಿನೊಳಗೆ ಹೋಗಲಾರದೆ ಗೇಟಿನ ಹತ್ತಿರವೇ ನಿಂತಿದ್ದರು. ಕೂಸಿನ ತಲೆಯ ಮೇಲೆ ತಂಗಿ ಎರಡೂ ಕೈಯಿಂದ ಸೆರಗು ಮುಚ್ಚಿ ಹಿಡಿದಿದ್ದಳು.

ಆ ಕಟ್ಟಡದ ಮೊದಲ ಮಹಡಿಯಲ್ಲಿ ಒಂದೇ ಒಂದು ಮನೆಯನ್ನು ಪೂರ್ತಿ ಮುಗಿಸಿ ಇಟ್ಟಿದ್ದರು, ಕೊಳ್ಳಲು ಬಂದವರಿಗೆ ತೋರಿಸಲಿಕ್ಕೆ. ಅದನ್ನು ಗುಡಿಸಿ ಒರೆಸುವುದು ನನ್ನ ಕೆಲಸ. ಕಾಲು ತೊಳೆದೇ ಒಳಗೆ ಹೋಗಬೇಕು, ಯಾವುದರ ಮೇಲೂ ಕೂರಬಾರದು. ಕಿಟಕಿ ಮುಚ್ಚಿದರೆ ಮಿಷನ್ನಿನ ಸದ್ದು ಕೂಡ ಒಳಗೆ ಬಾರದು. ಮಂಚವಿದ್ದ ಕೋಣೆಯಲ್ಲಿ ಒಂದು ತೊಟ್ಟಿಲಿತ್ತು. ತೊಟ್ಟಿಲಲ್ಲಿ ಒಂದು ಗೊಂಬೆ, ಅದಕ್ಕೆ ಉಣ್ಣೆಯ ಹೊದಿಕೆ. ಗೊಂಬೆಯ ಮುಖದ ಮೇಲೆ ಧೂಳು ಕಂಡರೆ ಸೂಪರ್‌ವೈಸರ್ ನನ್ನ ಜನ್ಮ ಜಾಲಾಡುತ್ತಿದ್ದ.

ಬೀಗದ ಕೈ ನನ್ನ ಸೊಂಟದಲ್ಲೇ ಇತ್ತು.

"ಬಾ," ಎಂದೆ ತಂಗಿಗೆ.

ಅವಳಿಗೆ ಅರ್ಥವಾಯಿತು. ಬೇಡ ಅನ್ನುತ್ತಾಳೆಂದುಕೊಂಡಿದ್ದೆ. ಅನ್ನಲಿಲ್ಲ. ನನಗಿಂತ ಮುಂಚೆ ಮೆಟ್ಟಿಲು ಹತ್ತಿದಳು. ಅವಳ ಗಂಡ ಕೆಳಗೇ ನಿಂತ. ಯಾರಾದರೂ ಬಂದರೆ ಕೂಗುತ್ತೇನೆ ಎಂದ.

ಹೊದಿಕೆ ಎಳೆದು, ಗೊಂಬೆಯ ಕಾಲು ಹಿಡಿದು ಮೂಲೆಗೆಸೆದೆ. ತಂಗಿ ಮಂಚದ ಮೇಲೆ ಒರಗಿದಳು. ಇಬ್ಬರಿಗೂ ಹೊದಿಸಿದೆ. ಅವಳ ಮೈಯ ಮಣ್ಣು ಬಿಳಿಯ ಹಾಸಿಗೆಗೆ ಹತ್ತಿತು. ಸ್ವಲ್ಪ ಹೊತ್ತಿಗೆ ಕೂಸು ಬಾಯಿ ಆಡಿಸಿ ಮೊಲೆ ಹುಡುಕಿತು. ಹೆತ್ತ ಮೇಲೆ ಅವಳು ಕಾಲು ನೀಡಿ ಮಲಗಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮಧ್ಯಾಹ್ನ ಮೆಟ್ಟಿಲ ಕಡೆಯಿಂದ ತಂಗಿಯ ಗಂಡನ ಕೂಗು ಕೇಳಿಸಿತು. ಅಷ್ಟರಲ್ಲೇ ಸೂಪರ್‌ವೈಸರ್ ಮನೆ ಕೊಳ್ಳಲು ಬಂದ ಗಂಡ ಹೆಂಡತಿಯನ್ನು ಕರೆದುಕೊಂಡು ಬಂದೇಬಿಟ್ಟ. ಹೆಂಗಸು ತುಂಬು ಬಸುರಿ. ಮಂಚದ ಮೇಲಿದ್ದವಳನ್ನು ನೋಡಿ ಬಾಗಿಲಲ್ಲೇ ನಿಂತಳು.

"ಏಳೇ ಮುಂಡೆ," ಎಂದ ಸೂಪರ್‌ವೈಸರ್.

ತಂಗಿ ಏಳಲಿಲ್ಲ. "ಬಾಗ್ಲು ಹಾಕ್ಕೊಂಡು ಮಾತಾಡಿ. ಧೂಳು ಬರುತ್ತೆ," ಎಂದಳು.

ಬಸುರಿ ಹೆಂಗಸು ಏನೋ ಹೇಳಲು ಹೊರಟಳು. ಅವಳ ಗಂಡ ತೋಳು ಹಿಡಿದು ಕರೆದುಕೊಂಡು ಹೋದ. ಈ ಹಾಸಿಗೆಯನ್ನು ಬದಲಾಯಿಸುತ್ತೀರಿ ತಾನೇ ಎಂದು ಅವನು ಹೋಗುತ್ತಾ ಕೇಳಿದ್ದು ನನ್ನ ಕಿವಿಗೆ ಬಿತ್ತು. ಸೂಪರ್‌ವೈಸರ್ ಅವರ ಹಿಂದೆಯೇ ಓಡಿದ. ನಾನು ಒಳಗಿನಿಂದ ಅಗುಳಿ ಹಾಕಿದೆ.

ಆಮೇಲೆ ಕಂಟ್ರಾಕ್ಟರನ ದನಿ ಬಂತು. ಬಾಗಿಲು ತೆಗೆಯದಿದ್ದರೆ ಪೊಲೀಸರಿಗೆ ಹೇಳುತ್ತೇನೆ, ಕಳ್ಳತನದ ಕೇಸು ಹಾಕಿಸುತ್ತೇನೆ ಎಂದ. ನಮ್ಮವ್ವನನ್ನೂ ಅವ್ವನ ಅವ್ವನನ್ನೂ ಸೇರಿಸಿ ಬೈದ. ತಂಗಿಯ ಗಂಡ ಅವನಿಗೆ ಎದುರು ಮಾತಾಡಿದ್ದು ಕೇಳಿಸಿತು. ಹೊಡೆದ ಸದ್ದು, ಯಾರೋ ಮೆಟ್ಟಿಲ ಮೇಲೆ ಬಿದ್ದ ಸದ್ದು. ಮತ್ತೆ ತಂಗಿಯ ಗಂಡನ ದನಿ ಕೇಳಲಿಲ್ಲ. ತಂಗಿ ಕಣ್ಣು ಮುಚ್ಚಿಕೊಂಡಳು. ಆದರೆ ಕೂಸಿನ ಬೆನ್ನ ಮೇಲಿದ್ದ ಕೈಯನ್ನು ತೆಗೆಯಲಿಲ್ಲ.

ಕಿಟಕಿಯಿಂದ ನೋಡಿದೆ. ಕಲ್ಲಿನ ಮಿಷನ್ನು ನಿಂತಿತ್ತು. ಗಾರೆಯವರು, ಬಾಣಲಿ ಹೊರುವವರು, ಎಲ್ಲರೂ ಕೈ ಇಳಿಬಿಟ್ಟುಕೊಂಡು ಮೇಲೆ ನೋಡುತ್ತಿದ್ದರು. ಯಾರೊಬ್ಬರೂ ಮೆಟ್ಟಿಲಿನ ಕಡೆ ಹೆಜ್ಜೆ ಇಟ್ಟಿರಲಿಲ್ಲ.

ಗೇಟಿನಲ್ಲಿ ಜೀಪು ಬಂದು ನಿಂತಿತು.

ಕೋಣೆಯಲ್ಲಿದ್ದ ದೊಡ್ಡ ಬೀರುವನ್ನು ತಳ್ಳಿ ಬಾಗಿಲಿಗೆ ಅಡ್ಡ ಇಡೋಣವೆಂದು ಭುಜ ಕೊಟ್ಟೆ. ಎಷ್ಟು ಜೋರಾಗಿ ಕೊಟ್ಟೆನೆಂದರೆ ಬೀಳುವುದರಲ್ಲಿದ್ದೆ. ಅದಕ್ಕೆ ತೂಕವೇ ಇರಲಿಲ್ಲ. ಒಳಗೆ ಹಲಗೆಯಿಲ್ಲ, ಹಿಂದೆ ಬರೀ ರಟ್ಟು. ನೋಡುವವರಿಗೆ ಬೀರುವಿನ ಹಾಗೆ ಕಂಡರೆ ಸಾಕೆಂದು ಮಾಡಿದ್ದು.

ಮೆಟ್ಟಿಲ ಮೇಲೆ ಬೂಟುಗಳ ಸದ್ದು ಹತ್ತಿರವಾಯಿತು. ಆದರೂ ಅದನ್ನೇ ಬಾಗಿಲಿಗೆ ಒತ್ತಿಟ್ಟು, ಬೆನ್ನು ಕೊಟ್ಟು, ಕಾಲೆರಡನ್ನೂ ನೆಲಕ್ಕೆ ಊರಿ ಕೂತೆ.